ಗಬ್ಬದ ಸುದ್ದಿ ತಾಯಿಗೆ ಮುಟ್ಟಿಸುವವರು ಯಾರು?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಈ ಸಲದ ಪತ್ರಗಳಲ್ಲಿ ಎಮ್ಮೆ, ಆಕಳು, ನಾಯಿ, ಇಲಿ, ಮನುಷ್ಯರು ಎಲ್ಲರೂ ಇದ್ದಾರೆ. ಮೇಲ್ನೋಟಕ್ಕೆ ಒಂದಕ್ಕೊಂದು ಸಂಬಂಧವಿಲ್ಲ. ಆದರೆ ಹೆಚ್ಚಿನವುಗಳ ಬುಡದಲ್ಲಿರುವುದು ಒಂದೇ ವಿಷಯ. ಭ್ರೂಣದ ಹೊರಪದರದ ಜೀವಕೋಶಗಳೇ ಮುಂದೆ ಮಾಸು ಆಗುತ್ತವೆ. ಅವು ಒಂದು ಕಡೆ ತಾಯಿಗೆ, ಇನ್ನೊಂದು ಕಡೆ ಒಳಗಿನ ಭ್ರೂಣಕ್ಕೆ ರಾಸಾಯನಿಕ ಸಂಕೇತ ಕಳಿಸುತ್ತಿರುತ್ತವೆ. ಸಂಕೇತ ಯಾವುದು ಎಂಬುದು ಪ್ರಾಣಿಯಿಂದ ಪ್ರಾಣಿಗೆ ಬೇರೆ. ಪಶುವೈದ್ಯರು, ಪ್ರಸೂತಿ ತಜ್ಞರು ಮತ್ತು ಭ್ರೂಣಶಾಸ್ತ್ರ ಕಲಿಸುವವರು ಸೇರಿ ಉತ್ತರ ಬರೆದಿದ್ದಾರೆ.

ಪ್ರಶ್ನೆ: ಮೆಡಿಕಲ್ ಅಂಗಡ್ಯಾಗ ಹೆಣ್ಣಮಕ್ಕಳ ಪ್ರೆಗ್ನೆನ್ಸಿ ಕಿಟ್ ಸಿಗತೈತಲ್ರಿ, ಅದಕ್ಕ ನಮ್ಮ ಎಮ್ಮೀ ಉಚ್ಚಿ ಹಾಕಿ ನೋಡಿದೆ. ಒಂದ ಗೆರಿ ಬಂತು. ಗಬ್ಬ ಕಟ್ಟಸೋ ಇಂಜೆಕ್ಷನ್ ಮಾಡಿಸಿ 40 ದಿನ ಆತು. ಗಬ್ಬ ಇಲ್ಲಂತ ತಿಳಕೊಂಡು ಮತ್ತ ಬೆದಿಗೆ ತರಸೋ ಇಂಜೆಕ್ಷನ್ ಕೊಡಸ್ಲೇನ್ರಿ? — ಅಥಣಿ ತಾಲ್ಲೂಕಿನ ಓದುಗರು

ಉತ್ತರ: ಕೊಡಿಸಬೇಡಿ. ಆ ಪಟ್ಟಿಗೆ ಎಮ್ಮೆಯ ಉಚ್ಚೆ ಹಾಕಿದರೆ ಗಬ್ಬವಿದ್ದರೂ ಒಂದೇ ಗೆರೆ, ಇಲ್ಲದಿದ್ದರೂ ಒಂದೇ ಗೆರೆ. ಅದು ಹುಡುಕುವುದು ಎಚ್‌ಸಿಜಿ ಎಂಬ ಹಾರ್ಮೋನನ್ನು. ಅದನ್ನು ತಯಾರಿಸುವುದು ಮನುಷ್ಯ ಭ್ರೂಣದ ಹೊರಪದರ. ಎಮ್ಮೆ, ಆಕಳು, ಕುರಿ, ಆಡುಗಳ ಮಾಸಿನಲ್ಲಿ ಅದು ಹುಟ್ಟುವುದೇ ಇಲ್ಲ.

ಇವುಗಳ ಭ್ರೂಣ ಬಳಸುವುದು ಇಂಟರ್‌ಫೆರಾನ್ ಟೌ ಎಂಬ ಪ್ರೋಟೀನನ್ನು. ಬೆದೆ ಮುಗಿದು ಅಂಡ ಬಿಟ್ಟ ಜಾಗದಲ್ಲಿ ಕಾರ್ಪಸ್ ಲೂಟಿಯಂ ಎಂಬ ಹಳದಿ ಗಂಟು ಬೆಳೆಯುತ್ತದೆ. ಅದು ಬಿಡುವ ಪ್ರೊಜೆಸ್ಟರಾನ್ ಹಾರ್ಮೋನಿನ ಬಲದಿಂದಲೇ ಗಬ್ಬ ನಿಲ್ಲುವುದು. ಗರ್ಭಕೋಶಕ್ಕೆ ಯಾವ ಸುದ್ದಿಯೂ ಬರದಿದ್ದರೆ 16–17ನೇ ದಿನದ ಸುಮಾರಿಗೆ ಅದು ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಬಿಡುತ್ತದೆ. ಗಂಟು ಕರಗುತ್ತದೆ, 21ನೇ ದಿನದ ಹೊತ್ತಿಗೆ ಮತ್ತೆ ಬೆದೆ. ಭ್ರೂಣ ಇದ್ದರೆ ಅದರ ಹೊರಪದರ ಟೌ ಸುರಿಸಿ, ಗರ್ಭಕೋಶದ ಒಳಗೋಡೆಯಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನನ್ನು ಹಿಡಿಯುವ ಗ್ರಾಹಕಗಳು ಮೂಡದಂತೆ ನೋಡಿಕೊಳ್ಳುತ್ತದೆ. ಗ್ರಾಹಕಗಳಿಲ್ಲದಿದ್ದರೆ ಪ್ರೋಸ್ಟಗ್ಲಾಂಡಿನ್ ಅಲೆಯಲೆಯಾಗಿ ಹೊರಡುವುದಿಲ್ಲ. ಎಚ್‌ಸಿಜಿ ಕೆಲಸ ಮಾಡುವ ರೀತಿಯೇ ಬೇರೆ, ಅದು ನೇರವಾಗಿ ಹಳದಿ ಗಂಟಿಗೇ ಹೋಗಿ ಅದನ್ನು ದುಡಿಸುತ್ತದೆ. ಎಚ್‌ಸಿಜಿಯದು ದೀಪಕ್ಕೆ ಎಣ್ಣೆ ಹಾಕುವ ಕೆಲಸ, ಟೌನದು ಗಾಳಿಗೆ ಕೈ ಅಡ್ಡ ಹಿಡಿಯುವ ಕೆಲಸ.

ಈ ಸುದ್ದಿಗೆ ಗಡುವು ಉಂಟು ಎಂದು ಗೊತ್ತಾದದ್ದು ಕುರಿಯಿಂದ. ಕುರಿಯ ಬೆದೆ ಚಕ್ರ ಸುಮಾರು 17 ದಿನ. 1966ರಲ್ಲಿ ಮೂರ್ ಮತ್ತು ರೋಸನ್ ಎಂಬ ಸಂಶೋಧಕರು ಗಬ್ಬದ ಕುರಿಗಳಿಂದ ಬೇರೆಬೇರೆ ದಿನ ಭ್ರೂಣ ತೆಗೆದು ನೋಡಿದರು. 12ನೇ ದಿನದೊಳಗೆ ತೆಗೆದರೆ ಕುರಿ ಎಂದಿನಂತೆ ಬೆದೆಗೆ ಬಂತು. 13ರಂದು ಅಥವಾ ಆಮೇಲೆ ತೆಗೆದರೆ ಭ್ರೂಣ ಹೋದ ಮೇಲೂ ಹಳದಿ ಗಂಟು ಉಳಿದುಕೊಂಡಿತು. ಸುದ್ದಿ ಆಗಲೇ ಮುಟ್ಟಿತ್ತು.

ಈಗ ನಿಮ್ಮ ಎಮ್ಮೆ. ಬೆದೆಗೆ ತರಿಸಲು ಸಾಮಾನ್ಯವಾಗಿ ಕೊಡುವ ಇಂಜೆಕ್ಷನ್ ಅದೇ ಪ್ರೋಸ್ಟಗ್ಲಾಂಡಿನ್. ಗಬ್ಬವಿದ್ದ ಎಮ್ಮೆಗೆ ಕೊಟ್ಟರೆ ಹಳದಿ ಗಂಟು ಕರಗಿ ಗಬ್ಬ ಬಿದ್ದುಹೋಗುತ್ತದೆ. ಆದ್ದರಿಂದ ಮೊದಲು ತಪಾಸಣೆ ಆಗಲಿ. ಸ್ಕ್ಯಾನಿಂಗ್ 30ನೇ ದಿನದಿಂದಲೇ ಆಗುತ್ತದೆ. ಕೈ ಹಾಕಿ ನೋಡಲು 45ರಿಂದ 60 ದಿನ ಬಿಡುವುದು ಒಳ್ಳೆಯದು. ಅಂದ ಹಾಗೆ ಆ ಔಷಧ ಚರ್ಮದಿಂದಲೂ ಒಳಗೆ ಇಳಿಯುತ್ತದೆ. ಬಸುರಿಯರು ಮತ್ತು ಅಸ್ತಮಾ ಇದ್ದವರು ಆ ಸೀಸೆ, ಸಿರಿಂಜು ಮುಟ್ಟಬಾರದು.

ಪ್ರಶ್ನೆ: ನಮ್ಮ ಜರ್ಸಿ ಕ್ರಾಸ್ ಆಕಳಿಗೆ ಈ ವರ್ಷ ಜನವರಿ 10ರಂದು ಇಂಜೆಕ್ಷನ್ ಮಾಡಿಸಿದೆವು. ಜನವರಿ 31ಕ್ಕೆ ತಿರುಗಿ ಬೆದೆಗೆ ಬಂತು, ಮತ್ತೆ ಮಾಡಿಸಿದೆವು. ಮಾರ್ಚ್ 8ಕ್ಕೆ ಬಂತು, ಮಾಡಿಸಿದೆವು. ಏಪ್ರಿಲ್ 19ಕ್ಕೆ ಪುನಃ ಬಂತು. ಗಬ್ಬ ನಿಂದ್ರವಲ್ತು. ಮಾರಿಬಿಡು ಅಂತಾರೆ. ಏನು ಮಾಡಬೇಕ್ರಿ? — ಇಂಡಿ ತಾಲ್ಲೂಕಿನ ಓದುಗರು

ಉತ್ತರ: ತಾರೀಖು ಬರೆದಿಟ್ಟಿದ್ದೀರಲ್ಲ, ಅರ್ಧ ಕೆಲಸ ಆದಂತೆ. ಅಂತರ ಎಣಿಸಿ: 21, 36, 42. ಮೂರು ಸಲವೂ ಗಬ್ಬ ನಿಂತಿಲ್ಲ ನಿಜ, ಆದರೆ ಮೂರಕ್ಕೂ ಕಾರಣ ಒಂದೇ ಇರಲಾರದು.

ಮೊದಲಿನ 21 ದಿನದ ಅರ್ಥ, ಗರ್ಭಕೋಶಕ್ಕೆ ಯಾವ ಸುದ್ದಿಯೂ ಮುಟ್ಟಲಿಲ್ಲ. ಅಂಡ ಫಲಿಸದೆಯೇ ಇರಬಹುದು. ಫಲಿಸಿ, ಭ್ರೂಣ 16ನೇ ದಿನದೊಳಗೆ ಸತ್ತಿರಬಹುದು. ಬದುಕಿದ್ದೂ ತೀರ ಸಣ್ಣದಾಗಿ ಉಳಿದು, ಸಾಲುವಷ್ಟು ಟೌ ಕೊಡದೇ ಇರಬಹುದು. ಬರೀ ತಾರೀಖಿನಿಂದ ಇವನ್ನು ಬೇರ್ಪಡಿಸಲಾಗದು. ಆಕಳಲ್ಲಿ ಗಬ್ಬ ತಪ್ಪುವುದು ಹೆಚ್ಚಾಗಿ ಈ ಅವಧಿಯಲ್ಲೇ.

ಈ ಭ್ರೂಣದ ಅಳತೆ ಸ್ವಲ್ಪ ಕೇಳಿ. 7ನೇ ದಿನ ಅದು ಮಿಲಿಮೀಟರಿನ ಐದನೇ ಒಂದು ಭಾಗ, ಬರಿಗಣ್ಣಿಗೆ ಒಂದು ಚುಕ್ಕಿ. 13ರ ಹೊತ್ತಿಗೆ ಕೆಲವೇ ಮಿಲಿಮೀಟರಿನ ಮೊಟ್ಟೆಯಾಕಾರ. ಆಮೇಲೆ ಒಮ್ಮೆಲೇ ಉದ್ದಕ್ಕೆ ಎಳೆದುಕೊಂಡು, 19ರ ಸುಮಾರಿಗೆ ಒಂದು ಗೇಣಿನಷ್ಟು ಬಿಳಿ ನೂಲಾಗುತ್ತದೆ. ಆ ನೂಲಿನಲ್ಲಿ ಕರುವಾಗುವ ಭಾಗ ಒಂದು ಕಾಳಿನಷ್ಟೂ ಇಲ್ಲ, ಮಿಕ್ಕಿದ್ದೆಲ್ಲ ಹೊರಪದರವೇ. ಗರ್ಭಕೋಶದ ಗೋಡೆಗೆ ಉದ್ದಕ್ಕೂ ಒರಗಿ ಟೌ ಹಚ್ಚಬೇಕಲ್ಲ, ಅದಕ್ಕೇ ಈ ಉದ್ದ. ನೂಲು ಗಿಡ್ಡವಾದರೆ ಟೌ ಕಡಿಮೆ. ಹೀಗೆ ಬೆಳೆಯಲು ಬೇಕಾದ ಆಹಾರ ಗರ್ಭಕೋಶದ ಗ್ರಂಥಿಗಳ ರಸದಿಂದ ಬರುತ್ತದೆ, ಆ ರಸ ಸುರಿಯಬೇಕಾದರೆ ಮೊದಲ ವಾರದಿಂದಲೇ ಪ್ರೊಜೆಸ್ಟರಾನ್ ಏರಬೇಕು. ಹಾಗಾಗಿ 16ನೇ ದಿನದ ಸೋಲಿನ ಬೀಜ 5ನೇ ದಿನವೇ ಬಿದ್ದಿರುವುದುಂಟು.

ಎರಡನೆಯದು 36. ಇಲ್ಲಿ ಭ್ರೂಣ ಸುದ್ದಿ ಮುಟ್ಟಿಸಿ ಹಳದಿ ಗಂಟನ್ನು ಉಳಿಸಿಕೊಂಡು, ಆಮೇಲೆ ಸತ್ತಿರುವ ಸಂಭವ ಹೆಚ್ಚು. ಆದರೆ 36 ಅಂದರೆ ಎರಡು 18 ಸಹ ಹೌದು, ನಡುವೆ ಒಂದು ಬೆದೆ ಕಣ್ಣು ತಪ್ಪಿಸಿರಬಹುದು. ಇದೇ ಅಂತರ ಮತ್ತೆ ಬಂದರೆ ಗರ್ಭಕೋಶದ ಸೋಂಕಿಗೆ ಪರೀಕ್ಷೆ ಮಾಡಿಸಿ, ಗಬ್ಬ ಕೆಡಿಸುವ ಬ್ರುಸೆಲ್ಲಾ ರೋಗಾಣುವಿನ ರಕ್ತಪರೀಕ್ಷೆಯನ್ನೂ ಸೇರಿಸಿ.

ಮೂರನೆಯದು 42, ಸರಿಯಾಗಿ ಎರಡು 21. ಮಾರ್ಚ್ 29ರ ಸುಮಾರಿಗೆ ಬಂದ ಬೆದೆಯನ್ನು ನೀವು ಕಂಡಿಲ್ಲ ಅನ್ನಿಸುತ್ತದೆ. ನಿಮ್ಮ ಭಾಗದ ಬಿಸಿಲಿಗೆ ಬೆದೆಯ ಲಕ್ಷಣ ಮಂಕಾಗುತ್ತದೆ, ಬಂದರೂ ರಾತ್ರಿಯ ತಂಪಿನಲ್ಲಿ ಬಂದು ಹೋಗುತ್ತದೆ. ಇಂಜೆಕ್ಷನ್ ಆದ 18ರಿಂದ 24ನೇ ದಿನದವರೆಗೆ ಬೆಳಗಿನ 5ಕ್ಕೆ, ರಾತ್ರಿ 9ಕ್ಕೆ 20 ನಿಮಿಷ ಸುಮ್ಮನೆ ನಿಂತು ನೋಡಿ. ಹಾಲು ಹಿಂಡುತ್ತಾ ನೋಡಿದ್ದು ಲೆಕ್ಕಕ್ಕಿಲ್ಲ.

ಮುಂದಿನ ಸಲ ಹೊತ್ತು ತಪ್ಪದಿರಲಿ. ಮುಂಜಾನೆ ಬೆದೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಮುಂಜಾನೆ ಇಂಜೆಕ್ಷನ್. ಬೆದೆ ಮುಗಿದ 10–12 ತಾಸಿಗೆ ಅಂಡ ಬೀಳುತ್ತದೆ, ಬಿದ್ದ ಅಂಡಕ್ಕೆ ಆಯುಷ್ಯ ಕೆಲವೇ ತಾಸು. ತಡವಾದರೂ ಅಂಡ ಫಲಿಸಬಹುದು, ಆದರೆ ಹಳಸಿದ ಅಂಡದ ಭ್ರೂಣ ಸೊರಗುತ್ತದೆ, ನೂಲಾಗುವ ಹೊತ್ತಿಗೆ ಕೈ ಕೊಡುತ್ತದೆ. ಇಂಜೆಕ್ಷನ್ ಮಾಡುವವರು ಹೆಪ್ಪುಗಟ್ಟಿದ ವೀರ್ಯದ ಸ್ಟ್ರಾವನ್ನು 37 ಡಿಗ್ರಿ ನೀರಿನಲ್ಲಿ 30 ಸೆಕೆಂಡ್ ಇಟ್ಟರೋ, ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿದರೋ ಗಮನಿಸಿ. ಕೇಳಲು ಸಂಕೋಚ ಬೇಡ, ದುಡ್ಡು ನಿಮ್ಮದು.

ಬೆದೆಯ ದಿನ ಮತ್ತು ಮುಂದಿನ ಮೂರು ದಿನ ಆಕಳು ನೆರಳಿನಲ್ಲೇ ಇರಲಿ. ಎರಡು ಜೀವಕೋಶದ ಹಂತದ ಭ್ರೂಣ ಶಾಖಕ್ಕೆ ಬೇಗ ಸೋಲುತ್ತದೆ, ಮೂರು ದಿನ ದಾಟಿದರೆ ತಡೆದುಕೊಳ್ಳುವ ಶಕ್ತಿ ಬರುತ್ತದೆ. ಮಧ್ಯಾಹ್ನ ಮೈಗೆ ನೀರು ಹಾಕಿ, ಆದರೆ ಗಾಳಿಯಾಡದ ತಗಡಿನ ಶೆಡ್ಡಿನಲ್ಲಿ ಹಾಕಬೇಡಿ, ಧಗೆ ಇನ್ನೂ ಹೆಚ್ಚುತ್ತದೆ.

24ನೇ ದಿನದ ಹಾಲಿನಲ್ಲಿ ಪ್ರೊಜೆಸ್ಟರಾನ್ ಪರೀಕ್ಷೆ ಮಾಡಿಸುವ ಅನುಕೂಲವಿದ್ದರೆ ಮಾಡಿಸಿ. ಕಡಿಮೆ ಬಂದರೆ ಗಬ್ಬವಿಲ್ಲ ಎಂಬುದು ಹೆಚ್ಚುಕಡಿಮೆ ಖಚಿತ. ಹೆಚ್ಚು ಬಂದರೆ ಗಬ್ಬ ‘ಇರಬಹುದು’ ಅಷ್ಟೆ. 30ಕ್ಕೆ ಸ್ಕ್ಯಾನ್ ಮಾಡಿಸಿ, 60ಕ್ಕೆ ಇನ್ನೊಮ್ಮೆ ನೋಡಿಸಿ, ಈ ನಡುವೆ ಕಳೆದುಹೋಗುವ ಗಬ್ಬಗಳೂ ಇವೆ. ಮಾರುವ ಮಾತು ಅದಾದ ಮೇಲೆ.

ಪ್ರಶ್ನೆ: ನಮ್ಮ ಮುಧೋಳ ಹೆಣ್ಣುನಾಯಿ ಬೆದೆಗೆ ಬಂದು ಎರಡು ತಿಂಗಳಾಯಿತು. ಗಂಡುನಾಯಿಯ ಹತ್ತಿರ ಬಿಟ್ಟೇ ಇಲ್ಲ. ಆದರೂ ಮೊಲೆ ಊದಿವೆ, ಹಾಲು ಜಿನುಗುತ್ತದೆ, ಗೋಣಿಚೀಲ ಎಳೆದುಕೊಂಡು ಮೂಲೆ ಸೇರಿದೆ. — ಮುಧೋಳ ತಾಲ್ಲೂಕಿನ ಓದುಗರು

ಉತ್ತರ: ಸುಳ್ಳು ಗಬ್ಬ. ನಾಯಿಯಲ್ಲಿ ಹಳದಿ ಗಂಟು ಗಬ್ಬವಿದ್ದರೂ ಇಲ್ಲದಿದ್ದರೂ ಹೆಚ್ಚುಕಡಿಮೆ ಎರಡು ತಿಂಗಳು ಬದುಕುತ್ತದೆ. ಭ್ರೂಣವು ‘ನಾನಿದ್ದೇನೆ’ ಎಂದು ಹೇಳಿ ಅದನ್ನು ಉಳಿಸಿಕೊಳ್ಳಬೇಕಾಗಿಯೇ ಇಲ್ಲ. ಆಕಳಿಗೂ ನಾಯಿಗೂ ಇರುವ ದೊಡ್ಡ ವ್ಯತ್ಯಾಸ ಇದು. ಕೊನೆಗೆ ಪ್ರೊಜೆಸ್ಟರಾನ್ ಇಳಿದು ಹಾಲು ತರುವ ಹಾರ್ಮೋನಾದ ಪ್ರೊಲ್ಯಾಕ್ಟಿನ್ ಏರುವಾಗ ಮೈ ಮರಿ ಹಾಕಿದಂತೆಯೇ ನಡೆದುಕೊಳ್ಳುತ್ತದೆ.

ಮೊಲೆ ಹಿಂಡಬೇಡಿ, ಹಿಂಡಿದಷ್ಟೂ ಹಾಲು ಬರುತ್ತದೆ. ಗೋಣಿಚೀಲ ತೆಗೆಯಿರಿ, ಓಡಾಡಿಸಿ. ಎರಡು–ಮೂರು ವಾರದಲ್ಲಿ ತಾನೇ ಇಳಿಯುತ್ತದೆ. ಇಳಿಯದಿದ್ದರೆ ಪ್ರೊಲ್ಯಾಕ್ಟಿನ್ ತಗ್ಗಿಸುವ ಕ್ಯಾಬರ್ಗೊಲಿನ್ ಎಂಬ ಔಷಧವಿದೆ, ವೈದ್ಯರು ತೂಕ ನೋಡಿ ಕೊಡುತ್ತಾರೆ. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್ ಮಾತ್ರ ಬೇಡ, ಅದು ಪ್ರೊಲ್ಯಾಕ್ಟಿನ್ ಏರಿಸುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದಿದ್ದರೆ ಈ ಲಕ್ಷಣಗಳೆಲ್ಲ ಹೋದ ಮೇಲೆ ಮಾಡಿಸಿ. ನಾಯಿ ಅತಿಯಾಗಿ ನೀರು ಕುಡಿದರೆ, ವಾಂತಿ ಮಾಡಿದರೆ, ಹಿಂದಿನಿಂದ ಕೀವು ಬಂದರೆ ಅದು ಸುಳ್ಳು ಗಬ್ಬವಲ್ಲ, ಗರ್ಭಕೋಶದಲ್ಲಿ ಕೀವು ತುಂಬುವ ರೋಗ. ಅದೇ ದಿನ ಆಸ್ಪತ್ರೆಗೆ ಒಯ್ಯಿರಿ.

ಮುಂದೆ ಗಂಡಿಗೆ ಬಿಟ್ಟಾಗ ನಿಜವಾದ ಗಬ್ಬ ತಿಳಿಯಬೇಕೆಂದರೆ 25–30 ದಿನಕ್ಕೆ ಸ್ಕ್ಯಾನ್, ಇಲ್ಲವೇ ರಿಲ್ಯಾಕ್ಸಿನ್ ಎಂಬ ಹಾರ್ಮೋನಿನ ರಕ್ತಪರೀಕ್ಷೆ. ನಾಯಿಯಲ್ಲಿ ರಿಲ್ಯಾಕ್ಸಿನ್ ಮಾಸಿನಿಂದ ಬರುವುದರಿಂದ ಸುಳ್ಳು ಗಬ್ಬದಲ್ಲಿ ಅದು ಏರುವುದಿಲ್ಲ.

ಪ್ರಶ್ನೆ: ಭ್ರೂಣವು ಮಾಸಿಗೆ ಸಂಕೇತ ಕೊಡುತ್ತದೆಯೋ, ಮಾಸು ಭ್ರೂಣಕ್ಕೋ? ಟಿಪ್ಪಣಿಗಳಲ್ಲಿ ಎರಡೂ ಇವೆ, ಗೊಂದಲವಾಗಿದೆ. ಟ್ರೋಫೋಬ್ಲಾಸ್ಟ್ (ಭ್ರೂಣದ ಹೊರಪದರದ) ಕಾಂಡಕೋಶ ಬೆಳೆಸುವಾಗ ಬೆಳವಣಿಗೆಯ ಪ್ರೋಟೀನಾದ ಎಫ್‌ಜಿಎಫ್4 ಜೊತೆ ಹೆಪಾರಿನ್ ಏಕೆ ಹಾಕುತ್ತಾರೆ? — ಎಂ.ಎಸ್ಸಿ. ಪ್ರಾಣಿಶಾಸ್ತ್ರ ವಿದ್ಯಾರ್ಥಿನಿ, ಬೆಳಗಾವಿ

ಉತ್ತರ: ಎರಡೂ ಸರಿ, ಸರದಿಯಲ್ಲಿ ನಡೆಯುತ್ತದೆ. ಇಲಿಯಲ್ಲಿ ಇದು ಚೆನ್ನಾಗಿ ತಿಳಿದಿದೆ.

ಮೂರೂವರೆ ದಿನದ ಬ್ಲಾಸ್ಟೊಸಿಸ್ಟ್ ಅನ್ನು (ಟೊಳ್ಳು ಚೆಂಡಿನಂಥ ಎಳೆ ಭ್ರೂಣ) ಚಿತ್ರ ಬರೆದುಕೊಂಡು ನೋಡಿ. ಮುಂದೆ ಮರಿಯಾಗುವ ಒಳಕೋಶ ಸಮೂಹ ಒಂದು ಬದಿಗೆ ಅಂಟಿಕೊಂಡಿದೆ. ಅದಕ್ಕೆ ತಾಗಿರುವ ಹೊರಪದರ ವಿಭಜಿಸುತ್ತಲೇ ಇರುತ್ತದೆ. ದೂರದ ಬದಿಯ ಹೊರಪದರ ವಿಭಜನೆ ನಿಲ್ಲಿಸಿ, ಡಿಎನ್‌ಎ ಮಾತ್ರ ಇಮ್ಮಡಿಸುತ್ತಾ ದೈತ್ಯಕೋಶವಾಗುತ್ತದೆ. ಒಳಸಮೂಹ ಎಫ್‌ಜಿಎಫ್4 ಬಿಡುತ್ತದೆ, ಅದು ಹತ್ತಿರದವರೆಗೆ ಮಾತ್ರ ಮುಟ್ಟುತ್ತದೆ. 1998ರಲ್ಲಿ ತನಾಕಾ, ರೊಸಾಂಟ್ ಮತ್ತು ಸಂಗಡಿಗರು ಆ ಎಫ್‌ಜಿಎಫ್4 ಅನ್ನೇ ತಟ್ಟೆಯಲ್ಲಿ ಕೊಟ್ಟು ಟ್ರೋಫೋಬ್ಲಾಸ್ಟ್ ಕಾಂಡಕೋಶಗಳನ್ನು ಬೆಳೆಸಿ ತೋರಿಸಿದರು. ಇದು ಭ್ರೂಣದಿಂದ ಮಾಸಿನ ಕಡೆಗೆ ಹೋಗುವ ಸಂಕೇತ.

ಗರ್ಭಕೋಶಕ್ಕೆ ಅಂಟಿಕೊಂಡ ಮೇಲೆ ಉತ್ತರ ಬರುತ್ತದೆ. ಎಪಿಬ್ಲಾಸ್ಟ್ (ಒಳಸಮೂಹದಿಂದ ಬಂದ, ದೇಹವಾಗುವ ಪದರ) ತಯಾರಿಸುವ ನೋಡಲ್ ಎಂಬ ಸಂಕೇತ ಪ್ರೋಟೀನು ಪೂರ್ಣರೂಪದ್ದಲ್ಲ, ಅದನ್ನು ಕತ್ತರಿಸಿ ಹದಗೊಳಿಸುವ ಫ್ಯೂರಿನ್, ಪೇಸ್4 ಕಿಣ್ವಗಳು ಪಕ್ಕದ ಹೊರಭ್ರೂಣ ಎಕ್ಟೋಡರ್ಮಿನಿಂದ (ಹೊರಪದರದಿಂದ ಬೆಳೆದ, ಮಾಸಿನ ಕಡೆಯ ಅಂಗಾಂಶ) ಬರುತ್ತವೆ. ಅದೇ ಅಂಗಾಂಶ ಬಿಎಂಪಿ4 ಎಂಬ ಇನ್ನೊಂದು ಸಂಕೇತ ಪ್ರೋಟೀನನ್ನು ಕೂಡ ಕಳಿಸುತ್ತದೆ. ಬಿಎಂಪಿ4 ಇಲ್ಲದ ಇಲಿಭ್ರೂಣದಲ್ಲಿ ಆದಿ ಜನನಕೋಶಗಳು ಮೂಡುವುದಿಲ್ಲ, ಇದು 1999ರಲ್ಲಿ ಗೊತ್ತಾಯಿತು. ಇಲಿಯ ಮುಂದಿನ ಪೀಳಿಗೆಯ ಅಂಡ, ವೀರ್ಯಾಣುಗಳ ಮೂಲವೇ ಮಾಸಿನ ಕಡೆಯಿಂದ ಬಂದ ಸಂಕೇತದಲ್ಲಿದೆ! ನೋಡಲ್ ತಿರುಗಿ ಹೊರಭ್ರೂಣ ಎಕ್ಟೋಡರ್ಮನ್ನು ಪೋಷಿಸುತ್ತದೆ, ಆದ್ದರಿಂದ ಒಂದು ತುದಿ ಕಡಿದರೆ ಎರಡೂ ಕಡೆ ಕುಸಿಯುತ್ತವೆ.

ಪ್ರಯೋಗ ಓದುವಾಗ ಎಚ್ಚರ ಬೇಕು. ಒಂದು ಜೀನ್ ತೆಗೆದಾಗ ಭ್ರೂಣ ಸತ್ತರೆ ದೋಷ ಭ್ರೂಣದಲ್ಲೇ ಇದೆ ಎಂದು ಬರೆದುಬಿಡಬೇಡಿ. 2018ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಇಂಥ 103 ಇಲಿ ತಳಿಗಳನ್ನು ನೋಡಿದಾಗ ಸುಮಾರು 68%ರಲ್ಲಿ ಮಾಸಿನಲ್ಲೂ ದೋಷವಿತ್ತು. ತಪ್ಪು ಯಾರದ್ದು ಎಂದು ತಿಳಿಯಲು ಟೆಟ್ರಾಪ್ಲಾಯ್ಡ್ ಜೋಡಣೆ ಮಾಡುತ್ತಾರೆ. ನಾಲ್ಕು ಜೋಡಿ ವರ್ಣತಂತುಗಳ ಕೋಶಗಳು ಮಾಸು ಕಟ್ಟುತ್ತವೆ, ಭ್ರೂಣದ ದೇಹಕ್ಕೆ ಹೆಚ್ಚುಕಡಿಮೆ ಸೇರುವುದಿಲ್ಲ. ಆರೋಗ್ಯವಂತ ಮಾಸು ಸಿಕ್ಕ ಮೇಲೆ ಭ್ರೂಣ ಬದುಕಿದರೆ ದೋಷ ಮಾಸಿನದು. ಅಯ್ಯೋ, ನಾಲ್ಕು ‘ಜೋಡಿ’ ಎಂದರೆ ತಪ್ಪಾದೀತು, ನಾಲ್ಕು ‘ಪ್ರತಿ’ ಎಂದು ತಿದ್ದಿಕೊಳ್ಳಿ, ಪರೀಕ್ಷೆಯಲ್ಲಿ ಇದಕ್ಕೇ ಅಂಕ ಹೋಗುತ್ತದೆ.

ಇನ್ನು ಹೆಪಾರಿನ್. ಎಫ್‌ಜಿಎಫ್4 ತನ್ನ ಗ್ರಾಹಕಕ್ಕೆ ಗಟ್ಟಿಯಾಗಿ ಕೂರಲು ಜೀವಕೋಶದ ಮೇಲ್ಮೈಯ ಹೆಪಾರಾನ್ ಸಲ್ಫೇಟ್ ಎಂಬ ಸಕ್ಕರೆ ಸರಪಳಿ ಬೇಕು, ತಟ್ಟೆಯಲ್ಲಿ ಆ ಕೆಲಸಕ್ಕೆ ಹೆಪಾರಿನ್. ಪ್ರೋಟೀನು ಬೇಗ ಹಾಳಾಗದಂತೆಯೂ ಅದು ಕಾಯುತ್ತದೆ. ರೂಢಿಯ ಅಳತೆ: ಮಿಲಿಲೀಟರಿಗೆ ಎಫ್‌ಜಿಎಫ್4 25 ನ್ಯಾನೊಗ್ರಾಂ, ಹೆಪಾರಿನ್ 1 ಮೈಕ್ರೊಗ್ರಾಂ, ದ್ರಾವಣದ 70% ಭಾಗ ಇಲಿಭ್ರೂಣದ ಫೈಬ್ರೊಬ್ಲಾಸ್ಟ್‌ಗಳ ಮೇಲೆ ಇಟ್ಟು ತೆಗೆದದ್ದು. ಕೋಶಗಳು ಹರಡಿ, ಕೋಶಕೇಂದ್ರ ದೊಡ್ಡದಾಗುತ್ತಿದ್ದರೆ ಅವು ದೈತ್ಯಕೋಶವಾಗಲು ಹೊರಟಿವೆ. ಮೊದಲ ಅನುಮಾನ ಹೆಪಾರಿನ್ ಮರೆತದ್ದರ ಮೇಲಿರಲಿ, ಎರಡನೆಯದು ಎಫ್‌ಜಿಎಫ್4 ಅನ್ನು ಪದೇಪದೇ ಕರಗಿಸಿ ಹೆಪ್ಪುಗಟ್ಟಿಸಿದ್ದರ ಮೇಲೆ. 0.1% ಆಲ್ಬುಮಿನ್ ಸೇರಿಸಿ ಒಂದೊಂದು ಸಲಕ್ಕಾಗುವಷ್ಟು ಹಂಚಿ ಇಟ್ಟುಕೊಳ್ಳಿ.

ಇದನ್ನೆಲ್ಲ ಆಕಳಿಗೆ ಹಾಗೇ ಅನ್ವಯಿಸಬೇಡಿ. ಆಕಳಲ್ಲಿ ಒಳಸಮೂಹದ ಮೇಲಿನ ಹೊರಪದರ ನೂಲಾಗುವ ಹೊತ್ತಿಗೆ ಕಳಚಿಯೇ ಹೋಗುತ್ತದೆ.

ಪ್ರಶ್ನೆ: ನನಗೆ ಐದನೇ ವಾರ. ಬೀಟಾ ಎಚ್‌ಸಿಜಿ ಮೊದಲು 620 ಇತ್ತು, 48 ತಾಸಿನ ನಂತರ 1010. ‘ಡಬಲ್ ಆಗಿಲ್ಲ’ ಎಂದು ಅತ್ತೆಯವರು ಗಾಬರಿಯಾಗಿದ್ದಾರೆ. — ಓದುಗರು, ವಿಜಯಪುರ

ಉತ್ತರ: ಏರಿಕೆ 63%. 1500ಕ್ಕಿಂತ ಕೆಳಗೆ ಶುರುವಾದಾಗ 48 ತಾಸಿಗೆ ಕನಿಷ್ಠ 49% ಏರಿದರೂ ಅದು ಸಹಜ ಗರ್ಭದ ಮಿತಿಯೊಳಗೇ ಇದೆ. ಎರಡು ಪಟ್ಟು ಆಗಲೇಬೇಕು ಎಂಬುದು ಬಾಯಿಲೆಕ್ಕ. ಆದರೆ ಗರ್ಭ ಗರ್ಭಕೋಶದೊಳಗೇ ಕೂತಿದೆಯೋ ಹೊರಗೋ ಎಂಬುದನ್ನು ಈ ಅಂಕಿ ಹೇಳುವುದಿಲ್ಲ. ಆರನೇ ವಾರ ದಾಟಿದ ಮೇಲೆ ಸ್ಕ್ಯಾನ್‌ನಲ್ಲಿ ಅದನ್ನು ನೋಡಲೇಬೇಕು. ಮರುಪರೀಕ್ಷೆ ಇದ್ದರೆ ಅದೇ ಲ್ಯಾಬಿನಲ್ಲಿ ಮಾಡಿಸಿ. ಹೊಟ್ಟೆಯ ಒಂದು ಬದಿ ನೋವು, ರಕ್ತಸ್ರಾವ, ಭುಜ ನೋವು, ತಲೆ ಸುತ್ತು ಇದ್ದರೆ ಸ್ಕ್ಯಾನ್ ದಿನ ಕಾಯದೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಆಕಳು ಅವಳಿ ಹಾಕಿದೆ, ಒಂದು ಹೋರಿಗರು, ಒಂದು ಹೆಣ್ಣುಗರು. ಹೆಣ್ಣುಗರು ಮುಂದೆ ಗಬ್ಬ ಆಗಲ್ಲ ಅಂತಾರೆ, ನಿಜವೇ? — ಗೋಕಾಕ

ಉತ್ತರ: ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಸಲ ನಿಜ. ಎರಡೂ ಭ್ರೂಣಗಳ ಹೊರಪದರ ಉದ್ದವಾಗಿ ಬೆಳೆದು ಒಂದಕ್ಕೊಂದು ಸೇರಿ, ರಕ್ತನಾಳಗಳು ಕೂಡಿಕೊಳ್ಳುತ್ತವೆ. ಹೋರಿಯ ವೃಷಣದ ಹಾರ್ಮೋನುಗಳು ಆ ದಾರಿಯಿಂದ ಬಂದು ಹೆಣ್ಣುಗರುವಿನ ಗರ್ಭಕೋಶ, ಅಂಡಾಶಯ ಬೆಳೆಯದಂತೆ ಮಾಡುತ್ತವೆ. ಇದಕ್ಕೆ ಫ್ರೀಮಾರ್ಟಿನ್ ಎನ್ನುತ್ತಾರೆ.

ಒಂದರಿಂದ ನಾಲ್ಕು ವಾರದ ಕರುವಿನಲ್ಲಿ ಪರೀಕ್ಷೆ ಸುಲಭ. ಬೆರಳಿಗಿಂತ ಸಣ್ಣದಾದ, ತುದಿ ದುಂಡಗಿರುವ ಶುಚಿಯಾದ ಕೊಳವೆಗೆ ಜಾರುವ ಜೆಲ್ ಹಚ್ಚಿ ಯೋನಿಯಲ್ಲಿ ಮೆಲ್ಲಗೆ ಇಳಿಸುತ್ತಾರೆ. ಸರಿಯಾದ ಕರುವಿನಲ್ಲಿ 12ರಿಂದ 15 ಸೆಂ.ಮೀ. ಹೋಗುತ್ತದೆ, ಫ್ರೀಮಾರ್ಟಿನ್‌ನಲ್ಲಿ 5–7ಕ್ಕೇ ನಿಲ್ಲುತ್ತದೆ. ಒತ್ತಿದರೆ ಗೋಡೆ ಹರಿಯುತ್ತದೆ, ಪಶುವೈದ್ಯರಿಂದಲೇ ಮಾಡಿಸಿ. ಹೋರಿಗರುವನ್ನು ಸಾಕಲು ಅಡ್ಡಿಯಿಲ್ಲ.

ಇಂಥ ಅವಳಿಗಳ ಮೈಯಲ್ಲಿ ಒಬ್ಬರ ರಕ್ತಕೋಶ ಇನ್ನೊಬ್ಬರಲ್ಲಿ ಬದುಕಿರುವುದನ್ನು 1945ರಲ್ಲಿ ರೇ ಓವೆನ್ ಕಂಡುಹಿಡಿದರು. ಅಂಗಾಂಗ ಕಸಿಯ ವಿಜ್ಞಾನಕ್ಕೆ ದಾರಿಯಾದದ್ದು ಆ ಆಕಳುಗಳು. 1960ರ ನೊಬೆಲ್ ಬರ್ನೆಟ್ ಮತ್ತು ಮೆಡಾವರ್ ಅವರಿಗೆ ಹೋಯಿತು, ಓವೆನ್ ಅವರಿಗೆ ಸಿಗಲಿಲ್ಲ.

ಪ್ರಶ್ನೆ: ಎಮ್ಮೆ ಈದು ಒಂದು ದಿನವಾದರೂ ಮಾಸು ಬಿದ್ದಿಲ್ಲ. ಕಲ್ಲು ಕಟ್ಟಿದರೆ ಬೀಳುತ್ತದೆ ಅಂತಾರೆ. ಕಟ್ಟಬಹುದೇನ್ರಿ? — ಜಮಖಂಡಿ

ಉತ್ತರ: ಕಟ್ಟಬಾರದು, ಎಳೆಯಲೂಬಾರದು. ಮಾಸು ಬಿಡಿಸುವುದು ಭಾರವಲ್ಲ, ತಾಯಿಯ ಬಿಳಿ ರಕ್ತಕಣಗಳು. ಈಯುವ ಹೊತ್ತಿಗೆ ಅವು ಮಾಸನ್ನು ಪರಕೀಯ ಎಂದು ಗುರುತಿಸಿ ಅದು ಅಂಟಿದ ಗುಂಡಿಗಳತ್ತ (ಗರ್ಭಕೋಶದ ಒಳಗೋಡೆಯ ಬಟನ್ನಿನಂಥ ಉಬ್ಬುಗಳು) ನುಗ್ಗುತ್ತವೆ, ಕಿಣ್ವಗಳು ಅಂಟು ಕರಗಿಸುತ್ತವೆ. ವಿಟಮಿನ್ ಇ, ಸೆಲೆನಿಯಂ, ಕ್ಯಾಲ್ಸಿಯಂ ಕಡಿಮೆಯಾದರೆ ಅಥವಾ ದಿನ ತುಂಬದೆ ಈದರೆ ಆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಆಗ ಎಳೆದರೆ ಗುಂಡಿಯೇ ಕಿತ್ತು ರಕ್ತ ಸುರಿಯುತ್ತದೆ, ತುಂಡು ಒಳಗುಳಿದು ಕೊಳೆಯುತ್ತದೆ. ನೆಲಕ್ಕೆ ತಾಗುವ ಭಾಗವನ್ನು ಮಾತ್ರ ಕತ್ತರಿಸಿ, ದಿನಕ್ಕೆರಡು ಸಲ ಜ್ವರ ನೋಡಿ. 39.5 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅಥವಾ ಮೇವು ಬಿಟ್ಟರೆ ತಕ್ಷಣ ವೈದ್ಯರನ್ನು ಕರೆಸಿ. ಕಬ್ಬಿನ ಸೋಗೆಯನ್ನೇ ಹೆಚ್ಚು ಹಾಕುವ ಮನೆಗಳಲ್ಲಿ ಕ್ಯಾಲ್ಸಿಯಂ ಕೊರತೆ ಸಾಮಾನ್ಯ, ಸೋಗೆಯ ಆಕ್ಸಲೇಟ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಮುಂದಿನ ಗಬ್ಬದಲ್ಲಿ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ತಪ್ಪದಿರಲಿ.

ಗಬ್ಬ ಹೋಗಿ ಮಾಸು ನಿಂತಿದ್ದರೆ ಬ್ರುಸೆಲ್ಲಾ ಇರಬಹುದು. ಆ ರೋಗಾಣು ಜಾನುವಾರುಗಳ ಮಾಸಿನಲ್ಲೇ ಹುಲುಸಾಗಿ ಬೆಳೆಯುತ್ತದೆ, ಮನುಷ್ಯರಿಗೂ ಹತ್ತುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ, ನಾಯಿಗೆ ಹಾಕಬೇಡಿ, ಬಿದ್ದ ಮಾಸನ್ನು ಆಳವಾದ ಗುಂಡಿಯಲ್ಲಿ ಸುಣ್ಣ ಸುರಿದು ಹೂಳಿ.